ಎಮಿಲಿ ಡಿಕಿನ್ಸನ್ ಹಸ್ತಪ್ರತಿಗಳು ಎಲ್ಲೆಲ್ಲಿವೆ, ಒಂದು ಕವಿತೆಯ ಮೂಲ ಹುಡುಕುವುದು ಹೇಗೆ?

ಅಮೆರಿಕದ ಕವಿ ಡಿಕಿನ್ಸನ್ ಕೈಬರಹ ಒಂದೇ ಕಡೆ ಯಾಕಿಲ್ಲ, ಇಲ್ಲಿಂದಲೇ ಅದನ್ನು ನೋಡಬಹುದಾ ಅಂತ ಕೇಳಿದ್ದೀರಿ. ನೋಡಬಹುದು, ದುಡ್ಡೂ ಬೇಡ. ಆದರೆ ಯಾವ ಹಾಳೆ ಯಾರ ಕೈ ದಾಟಿ ಬಂತು ಅನ್ನೋದು ಗೊತ್ತಿಲ್ಲದೆ ಹುಡುಕಿದರೆ ದಾರಿ ತಪ್ಪುತ್ತೀರಿ.

1886ರಲ್ಲಿ ಎಮಿಲಿ ತೀರಿಕೊಂಡಾಗ ತಂಗಿ ಲವಿನಿಯಾಗೆ ಸಿಕ್ಕಿದ್ದು ಕವಿತೆಗಳ ರಾಶಿ. ಅದರಲ್ಲಿ 40 ಪುಟ್ಟ ಪುಸ್ತಿಕೆಗಳು: ಮಡಚಿದ ಕಾಗದಗಳನ್ನು ಒಂದರ ಮೇಲೊಂದಿಟ್ಟು, ಅಂಚಿನಲ್ಲಿ ಎರಡು ತೂತು ಚುಚ್ಚಿ, ದಾರ ಕಟ್ಟಿದ್ದು. ಲವಿನಿಯಾ ಅದನ್ನು ಮೊದಲು ಅತ್ತಿಗೆ ಸೂಸನ್‌ಗೆ ಕೊಟ್ಟಳು. ಅಲ್ಲಿ ಕೆಲಸ ಮುಂದೆ ಹೋಗಲಿಲ್ಲ ಅಂತ, ಅಣ್ಣ ಆಸ್ಟಿನ್‌ಗೆ ಆಪ್ತಳಾಗಿದ್ದ ಮೇಬಲ್ ಟಾಡ್ ಕೈಗೆ ಒಪ್ಪಿಸಿದಳು. 1890ರಲ್ಲಿ ಮೊದಲ ಸಂಕಲನ ಬಂತು. ಆಮೇಲೆ ಒಂದು ಪಟ್ಟಿ ಜಮೀನಿಗಾಗಿ ಲವಿನಿಯಾಗೂ ಟಾಡ್‌ಗೂ ಕೋರ್ಟ್ ವ್ಯಾಜ್ಯ ಹತ್ತಿತು. ಸೋತ ಟಾಡ್ ತನ್ನ ಬಳಿ ಉಳಿದಿದ್ದನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದಳು. ಆ ಪಾಲು ಅವಳ ಮಗಳ ಮೂಲಕ 1956ರಲ್ಲಿ ಆಮ್‌ಹರ್ಸ್ಟ್ ಕಾಲೇಜಿಗೆ ಹೋಯಿತು. ಸೂಸನ್ ಮಗಳು ಮಾರ್ಥಾ ಕಡೆಯ ಪಾಲು 1950ರಲ್ಲಿ ಹಾರ್ವರ್ಡ್‌ನ ಹೌಟನ್ ಗ್ರಂಥಾಲಯ ಸೇರಿತು. ವಿಮರ್ಶಕ ಹಿಗ್ಗಿನ್ಸನ್‌ಗೆ ಬರೆದ ಕಾಗದಗಳು ಬಾಸ್ಟನ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ.

ಹುಡುಕುವಾಗ ಶೀರ್ಷಿಕೆ ನಂಬಬೇಡಿ, ಹಳೆಯ ಸಂಕಲನಗಳ ಶೀರ್ಷಿಕೆಗಳಲ್ಲಿ ಹೆಚ್ಚಿನವು ಸಂಪಾದಕರು ಕೊಟ್ಟವು. ಮೊದಲ ಸಾಲು ಹಿಡಿಯಿರಿ. ಅದರಿಂದ, ಅವಳ ಕವಿತೆಗಳಿಗೆ ಇಬ್ಬರು ಸಂಪಾದಕರು ತಮ್ಮ ಆವೃತ್ತಿಗಳಲ್ಲಿ ಕೊಟ್ಟ ಎರಡು ಸಂಖ್ಯೆ ಗೊತ್ತುಮಾಡಿಕೊಳ್ಳಿ: ಜಾನ್ಸನ್ (1955, 1,775 ಕವಿತೆ) ಮತ್ತು ಫ್ರಾಂಕ್ಲಿನ್ (1998, 1,789 ಕವಿತೆ). ಇವೆರಡೂ ಬೇರೆ ಬೇರೆ, ಎಷ್ಟೋ ಜನ ಎಡವುವುದು ಇಲ್ಲೇ. ಸಂಖ್ಯೆ ಸಿಕ್ಕಿದ ಮೇಲೆ 2013ರಲ್ಲಿ ಶುರುವಾದ 'ಎಮಿಲಿ ಡಿಕಿನ್ಸನ್ ಆರ್ಕೈವ್' ಅನ್ನೋ ಜಾಲತಾಣ ತೆರೆಯಿರಿ. ಹಲವು ಸಂಗ್ರಹಗಳ ಚಿತ್ರಗಳು ಅಲ್ಲಿ ಒಟ್ಟಿಗೆ ಸಿಗುತ್ತವೆ. ಒಂದೇ ಪ್ರತಿ ನೋಡಿ ಎದ್ದುಬಿಡಬೇಡಿ.

ಯಾಕೆ ಅಂತೀರಾ? 'ಒನ್ ಸಿಸ್ಟರ್ ಹ್ಯಾವ್ ಐ ಇನ್ ಅವರ್ ಹೌಸ್' ನೋಡಿ. ಜಾನ್ಸನ್‌ನಲ್ಲಿ 14, ಫ್ರಾಂಕ್ಲಿನ್‌ನಲ್ಲಿ 5. ಅತ್ತಿಗೆಯನ್ನು ಕೊಂಡಾಡುವ ಕವಿತೆ. ಆಮ್‌ಹರ್ಸ್ಟ್‌ನಲ್ಲಿರುವ ಪುಸ್ತಿಕೆಯ ಪ್ರತಿಯನ್ನು ಯಾರೋ ಸಾಲು ಸಾಲಾಗಿ ಶಾಯಿಯಲ್ಲಿ ಗೀಚಿ ಹಾಕಿದ್ದಾರೆ. ಅದೇ ಕವಿತೆ ಸೂಸನ್‌ಗೆ ಕಳಿಸಿದ ಹಾಳೆಯಲ್ಲಿ ಹಾರ್ವರ್ಡ್‌ನಲ್ಲಿ ಪೂರ್ತಿ ಉಳಿದಿದೆ. ಅದು ಇಲ್ಲದಿದ್ದರೆ ಈ ಕವಿತೆಯೇ ನಮ್ಮ ಪಾಲಿಗೆ ಇರುತ್ತಿರಲಿಲ್ಲ. ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಳೆ ಓದುವಾಗ ಪದದ ಪಕ್ಕ ಸಣ್ಣ ಕೂಡು ಗುರುತು (+) ಕಂಡರೆ ಕವಿತೆಯ ಕೆಳಗೆ ನೋಡಿ, ಆ ಪದಕ್ಕೆ ಬದಲಿ ಪದಗಳನ್ನು ಅವಳೇ ಅಲ್ಲಿ ಬರೆದಿಟ್ಟಿರುತ್ತಾಳೆ. ಬಹಳ ಸಲ ಇದೇ ಇರಲಿ ಅಂತ ಒಂದನ್ನು ಆರಿಸಿಯೇ ಇಲ್ಲ. ಅಚ್ಚಿನಲ್ಲಿ ಓದಿದ್ದು ಸಂಪಾದಕರ ಆಯ್ಕೆ ಅನ್ನೋದು ಆಗ ಅರಿವಾಗುತ್ತದೆ. ಅಂಚಿನಲ್ಲಿರುವ ಪೆನ್ಸಿಲ್ ಅಕ್ಷರ, ಸಂಖ್ಯೆಗಳನ್ನು ಮಾತ್ರ ಅವಳವೆಂದು ತಿಳಿಯಬೇಡಿ, ಅವುಗಳಲ್ಲಿ ಹೆಚ್ಚಿನವು ಆಮೇಲೆ ಅದನ್ನು ವಿಂಗಡಿಸಿದವರವು. ಕೈಬರಹದಿಂದ ಕಾಲವನ್ನೂ ಸುಮಾರಾಗಿ ಊಹಿಸಬಹುದು: ಮೊದಮೊದಲು ಅಕ್ಷರಗಳು ಕೂಡಿಕೊಂಡಿರುತ್ತವೆ, ಕೊನೆಯ ವರ್ಷಗಳಲ್ಲಿ ಒಂದೊಂದೂ ಬಿಡಿಬಿಡಿ.

ಆ ಆರ್ಕೈವ್ ಇರುವುದು ಮುಖ್ಯವಾಗಿ ಕವಿತೆಗಳಿಗೆ. ಅವಳು ಬರೆದ ಪತ್ರಗಳು ಬೇಕಿದ್ದರೆ ಆಮ್‌ಹರ್ಸ್ಟ್ ಕಾಲೇಜಿನ ಡಿಜಿಟಲ್ ಸಂಗ್ರಹವನ್ನು ಪ್ರತ್ಯೇಕವಾಗಿ ತೆರೆಯಿರಿ. ಅಚ್ಚಿನಲ್ಲಿ ಬೇಕೆಂದರೆ ಮಿಲ್ಲರ್ ಮತ್ತು ಮಿಚೆಲ್ ಸಂಪಾದಿಸಿದ 2024ರ ಆವೃತ್ತಿ ತೆಗೆದುಕೊಳ್ಳಿ, 1,304 ಪತ್ರಗಳಿವೆ. ಅವಳಿಗೆ ಬಂದ ಉತ್ತರಗಳನ್ನು ಹುಡುಕುತ್ತಾ ಕೂರಬೇಡಿ: ಬಹುಪಾಲನ್ನು ಲವಿನಿಯಾ ಸುಟ್ಟುಹಾಕಿದಳು.