ಅನುಮಾನ ಪಡಬೇಕಾದದ್ದು ಆಲ್ಟರ್ನೇಟರ್ ಮೇಲೆ, ಎಂಜಿನ್ ಮೇಲಲ್ಲ

ಪ್ರಿಯರೇ, ನಮಸ್ಕಾರ.

ನಿಮ್ಮ ‘ಅಪ್ಪಟ ಎಂಜಿಬಿ’ ಲೇಖನವನ್ನು ಎರಡು ಸಲ ಓದಿದೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಿಮ್ಮ ಪಕ್ಕದ ಮನೆಯವರ ಹತ್ತಿರ ಇರುವ ಕೆಂಪು ಓಪನ್ ಎಂಜಿಬಿ, ಅಂದರೆ ಎಂಜಿ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು, 1965ರ ಮಾರ್ಚ್‌ನಲ್ಲಿ ರಿಜಿಸ್ಟ್ರೇಷನ್ ಆದದ್ದು, ಫ್ಯಾಕ್ಟರಿಯಿಂದ ಬಂದ ಹಾಗೆ ಎಷ್ಟು ಉಳಿದಿದೆ ಅನ್ನುವುದು ನಿಮ್ಮ ಪ್ರಶ್ನೆ. ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಆದರೆ ಲೇಖನವನ್ನು ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ನೀವು ಇದನ್ನು ಮತ್ತೆ ಬರೆಯಲಿ ಅಂತ ಆಸೆ ಇರುವುದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಮಾರಿಸ್ ಗ್ಯಾರೇಜಸ್ (ಎಂಜಿ) ಹುಟ್ಟಿದ ಕಥೆ, 1962ರಲ್ಲಿ ಎಂಜಿಬಿ ಬಂದದ್ದು, 1980ರಲ್ಲಿ ಅಬಿಂಗ್ಡನ್ ಕಾರ್ಖಾನೆ ಮುಚ್ಚಿದ್ದು, ಇವೆಲ್ಲ ಎಲ್ಲ ಕಡೆ ಸಿಗುತ್ತವೆ. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ, ನೀವು ಬಾನೆಟ್ ಎತ್ತಿದ ಮೇಲೆ.

ಎಡವಿರುವುದೂ ಅಲ್ಲೇ. ನಿಮ್ಮ ವಾದ ಹೀಗಿದೆ: ಐದು ಬೇರಿಂಗ್‌ನ ಎಂಜಿನ್ (ಬೇರಿಂಗ್ ಅಂದರೆ ಎಂಜಿನ್‌ನ ಮುಖ್ಯ ದಂಡ ತಿರುಗಲು ಇರುವ ಆಧಾರ) 1964ರ ಅಕ್ಟೋಬರ್‌ನಲ್ಲಿ ಬಂತು, ಈ ಕಾರು 1965ರದ್ದು, ಆದರೆ ಎಂಜಿನ್ ನಂಬರ್ 18ಜಿಎ ಅಂತ ಶುರುವಾಗುತ್ತದೆ, ಅದು ಮೂರು ಬೇರಿಂಗ್‌ನ ಹಳೆಯದು, ಹಾಗಾಗಿ ಯಾರೋ ಎಂಜಿನ್ ಬದಲಿಸಿದ್ದಾರೆ. ಆದರೆ ರಿಜಿಸ್ಟ್ರೇಷನ್ ತಾರೀಖು ಕಾರು ರಸ್ತೆಗೆ ಇಳಿದದ್ದನ್ನು ಹೇಳುತ್ತದೆ, ತಯಾರಾದದ್ದನ್ನಲ್ಲ. ಕಾರು ತಿಂಗಳುಗಟ್ಟಲೆ ಡೀಲರ್ ಹತ್ತಿರ ನಿಂತಿರಬಹುದು. ಇಂಗ್ಲೆಂಡಿನ ಚಳಿಯಲ್ಲಿ ಓಪನ್ ಕಾರು ಕೊಳ್ಳಲು ಯಾರಿಗೆ ಅವಸರ?

ನಿಮ್ಮದೇ ಟಿಪ್ಪಣಿಗಳಲ್ಲಿ ಇದಕ್ಕೆ ಸಾಕ್ಷಿ ಇದೆ, ನೀವು ಅದನ್ನು ಜೋಡಿಸಿಲ್ಲ ಅಷ್ಟೇ. ಬಾಗಿಲಿಗೆ ಎಳೆಯುವ ಹಿಡಿಕೆ ಇದೆ ಎಂದು ಬರೆದು, ‘ಹಳೆಯ ಕಾರಿನಿಂದ ತಂದು ಹಾಕಿರಬೇಕು’ ಅಂದಿದ್ದೀರಿ. ಗುಂಡಿ ಒತ್ತಿ ತೆಗೆಯುವ ಹಿಡಿಕೆ ಬಂದದ್ದು 1965ರಲ್ಲಿ, ಐದು ಬೇರಿಂಗ್‌ನ ಎಂಜಿನ್‌ಗಿಂತಲೂ ಆಮೇಲೆ. ಅದರ ಜೊತೆ ಒಳಗಿನ ಲಾಕ್ ಕೂಡ ಬದಲಾಯಿತು. ಸುಮ್ನೆ ಹಳೆಯ ಹಿಡಿಕೆ ತಂದು ಕೂರಿಸುವ ಕೆಲಸ ಅಲ್ಲ ಅದು. ಇನ್ನೊಂದು ಕಡೆ ಆರ್‌ಪಿಎಂ ಮೀಟರ್‌ಗೆ ಎಂಜಿನ್‌ನಿಂದ ಕೇಬಲ್ ಬರುತ್ತದೆ ಅಂತ ಬರೆದಿದ್ದೀರಿ. ಅದೂ ಮೂರು ಬೇರಿಂಗ್ ಕಾಲದ್ದೇ. ಐದು ಬೇರಿಂಗ್‌ನ ಜೊತೆ ಎಲೆಕ್ಟ್ರಾನಿಕ್ ಮೀಟರ್ ಬಂತು. ಎಂಜಿನ್, ಮೀಟರ್, ಬಾಗಿಲು, ಮೂರೂ ಒಂದೇ ಮಾತು ಹೇಳುತ್ತಿವೆ, ಅಲ್ವಾ? ಇದು ಬಹುಶಃ 1964ರಲ್ಲೇ ತಯಾರಾದ ಕಾರು. ನಾಲ್ಕನೆಯದನ್ನೂ ನೋಡಿ: ಹಿಂದೆ ಬಗ್ಗಿ ಪೆಟ್ರೋಲ್ ಟ್ಯಾಂಕ್ ನೋಡಿ. ಪಟ್ಟಿ ಕಟ್ಟಿ ಹಿಡಿದ 10 ಗ್ಯಾಲನ್ ಟ್ಯಾಂಕ್ ಹೋಗಿ, ಬೋಲ್ಟ್ ಹಾಕಿದ 12 ಗ್ಯಾಲನ್ ಟ್ಯಾಂಕ್ ಬಂದದ್ದು 1965ರಲ್ಲಿ. ಪಟ್ಟಿ ಇದ್ದರೆ ಈ ವಾದ ಇನ್ನೂ ಗಟ್ಟಿಯಾಗುತ್ತದೆ.

ಇನ್ನೊಂದು ಕಡೆ ನೀವು ‘ಒರಿಜಿನಲ್ ಆಲ್ಟರ್ನೇಟರ್ ಇಂದಿಗೂ ಕೆಲಸ ಮಾಡುತ್ತಿದೆ’ ಎಂದು ಹೊಗಳಿದ್ದೀರಿ. ಬ್ಯಾಟರಿ ಚಾರ್ಜ್ ಮಾಡಲು ಆ ಕಾಲದ ಎಂಜಿಬಿಗೆ ಇದ್ದದ್ದು ಡೈನಮೊ. ಆಲ್ಟರ್ನೇಟರ್ ಬಂದದ್ದು 1967ರ ಕೊನೆಗೆ, ಎಂಜಿಬಿಯ ಎರಡನೇ ಆವೃತ್ತಿ ಮಾರ್ಕ್ 2 ಜೊತೆ. ಅಲ್ಲಿಯವರೆಗೆ ಬ್ಯಾಟರಿಯ ಪಾಸಿಟಿವ್ ಕಡೆ ಕಾರಿನ ಬಾಡಿಗೆ ಅರ್ತ್ ಆಗಿರುತ್ತಿತ್ತು, ಆಮೇಲೆ ನೆಗೆಟಿವ್. ಅಂದರೆ ಈ ಕಾರಿನಲ್ಲಿ ಯಾರೋ ಅರ್ತ್ ಅನ್ನೂ ತಿರುಗಿಸಿರಬಹುದು. ಅದು ತಪ್ಪೇನಲ್ಲ. ನಿಂತ ಟ್ರಾಫಿಕ್‌ನಲ್ಲಿ ಹೆಡ್‌ಲೈಟ್ ಉರಿಸಿಕೊಂಡು ಕೂತರೆ ಡೈನಮೊ ಸಾಲುವುದಿಲ್ಲ, ದಿನಾ ಓಡಿಸಿದವರು ಬದಲಿಸಿರುತ್ತಾರೆ. ಯಾರು, ಯಾವಾಗ, ಯಾಕೆ ಬದಲಿಸಿದರು ಅಂತ ಮಾಲೀಕರನ್ನು ಕೇಳಿ. ಹಳೆಯ ಬಿಲ್ ಇದ್ದರೂ ಇರಬಹುದು. ನಿಮ್ಮ ಲೇಖನಕ್ಕೆ ಜೀವ ಬರುವುದು ಇಂಥದ್ದರಿಂದ.

ಇಡೀ ಲೇಖನದ ದೋಷ ಇದೇ. ಸಾಚಾ ಇದ್ದದ್ದನ್ನು ಅನುಮಾನಿಸಿದಿರಿ, ಆಮೇಲೆ ಬಂದದ್ದನ್ನು ನಂಬಿದಿರಿ. ಯಾಕೆಂದರೆ ಬದಲಾವಣೆಗಳನ್ನು ವರ್ಷದ ಲೆಕ್ಕದಲ್ಲಿ ನೋಡಿದಿರಿ. ಅಬಿಂಗ್ಡನ್‌ನಲ್ಲಿ ಕಾರು ಜೋಡಿಸುತ್ತಿದ್ದರು, ಅಷ್ಟೇ. ಬಾಡಿ ಸ್ವಿಂಡನ್‌ನಲ್ಲಿ ತಯಾರಾಗಿ, ಬಣ್ಣ ಬಳಿದ ಮೇಲೆ ಅಲ್ಲಿಗೆ ಬರುತ್ತಿತ್ತು. ಎಂಜಿನ್ ಬೇರೆ ಕಡೆಯಿಂದ. ಪ್ರತಿ ಭಾಗಕ್ಕೂ ಅದರದ್ದೇ ತಾರೀಖು. ವಿದ್ಯುತ್ ಭಾಗಗಳನ್ನು ಮಾಡುತ್ತಿದ್ದ ಲೂಕಾಸ್ ಕಂಪನಿಯ ಎಷ್ಟೋ ಭಾಗಗಳ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ, ಒರೆಸಿ ಓದಿ. ಕಾರು ತಯಾರಾದ ದಿನಕ್ಕಿಂತ ಅದು ಮುಂದಿನ ತಾರೀಖಾಗಿದ್ದರೆ ಆಮೇಲೆ ಹಾಕಿದ್ದು ಅಂತ ಖಚಿತ.

ಕಾರಣವನ್ನೂ ಬರೆಯಿರಿ. ಐದು ಬೇರಿಂಗ್ ಯಾಕೆ ಬಂತು? ಎಂಜಿಯ ಒಡೆತನ ಹೊಂದಿದ್ದ ಬಿಎಂಸಿ ಕಂಪನಿ ಆಸ್ಟಿನ್ 1800 ಅನ್ನುವ ಸಂಸಾರಸ್ಥರ ಕಾರಿಗೆ ಎಂಜಿನ್ ಸುಧಾರಿಸಿತು. ಅದೇ ತಿಂಗಳು ಎಂಜಿಬಿಗೂ ಅದು ಸಿಕ್ಕಿತು. ಹಾಗೆಯೇ 1974ರ ಕೊನೆಗೆ ಬಂದ ಕರಿ ರಬ್ಬರ್ ಬಂಪರ್ ಬಗ್ಗೆ ಒಂದು ಪ್ಯಾರಾ ಬೈದಿದ್ದೀರಿ. ಅದು ಅಮೆರಿಕದ ಸುರಕ್ಷತಾ ನಿಯಮಕ್ಕಾಗಿ ಬಂದದ್ದು. ಅಲ್ಲಿನ ನಿಯಮಗಳಿಗಾಗಿಯೇ ಇಡೀ ಕಾರನ್ನೂ ಸ್ವಲ್ಪ ಎತ್ತಿದರು, ತಿರುವಿನಲ್ಲಿ ಅದರ ಓಟ ಕೆಟ್ಟಿತು. ಇಷ್ಟು ಹೇಳಿದರೆ ಬೈಯುವ ಅಗತ್ಯವೇ ಇಲ್ಲ. ನಿಮ್ಮ ಕಾರಿಗೆ ಅದು ಸಂಬಂಧವೂ ಇಲ್ಲ, ಬಿಟ್ಟರೂ ನಡೆಯುತ್ತದೆ.

ನನ್ನ ವಾದವನ್ನೂ ಹಾಗೇ ಒಪ್ಪಿಕೊಳ್ಳಬೇಡಿ. ಎಂಜಿನ್ ನಂಬರ್ ಇರುವುದು ರಿವೆಟ್ ಹೊಡೆದ ಒಂದು ಚಿಕ್ಕ ತಗಡಿನ ಮೇಲೆ. ಅದನ್ನು ಬಿಚ್ಚಿ ಬೇರೆ ಎಂಜಿನ್‌ಗೆ ಹೊಡೆಯಬಹುದು. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಫ್ಯಾಕ್ಟರಿ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ತಯಾರಾದ ದಿನ, ಬಣ್ಣ, ಎಂಜಿನ್ ನಂಬರ್‌ನಂಥ ವಿವರ ಅದರಲ್ಲಿ ಇರುತ್ತವೆ. ಮಾಲೀಕರಿಂದ ಅರ್ಜಿ ಹಾಕಿಸಿ. ಇದಿಲ್ಲದೆ ‘ಅಪ್ಪಟ’ ಅನ್ನುವ ಮಾತನ್ನು ನಾನು ಅಚ್ಚು ಹಾಕುವುದಿಲ್ಲ.

ಬಾಡಿಯ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಈ ಕಾರುಗಳು ಬಾಗಿಲ ಕೆಳಗಿನ ಸಿಲ್‌ನಲ್ಲಿ ಜಾಸ್ತಿ ತುಕ್ಕು ಹಿಡಿಯುತ್ತವೆ. 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಅನ್ನುವ ಕಂಪನಿ ಹಳೆಯ ಅಚ್ಚುಗಳಲ್ಲೇ ಹೊಸ ಎಂಜಿಬಿ ಬಾಡಿ ಮಾಡಿ ಮಾರುತ್ತಿದೆ. ಹೊಸ ಬಾಡಿಗೆ ಹಳೆಯ ಕಾರಿನ ನಂಬರ್ ಪ್ಲೇಟ್ ಹಾಕಿದ ಕಾರುಗಳು ಬೇಕಾದಷ್ಟಿವೆ. ನಿಮ್ಮ ನೆರೆಯವರದ್ದು ಯಾವುದು? ಓದುಗರು ಮೊದಲು ಕೇಳುವುದೇ ಇದನ್ನು.

ಭಾಷೆಯ ಬಗ್ಗೆ ಒಂದೇ ಮಾತು. ‘ಅದ್ಭುತ’, ‘ಅಪ್ರತಿಮ’ ಎಲ್ಲ ತೆಗೆಯಿರಿ. ಆ ಕೇಬಲ್ ಅನ್ನು ಬೆರಳಿಟ್ಟು ಹಿಂಬಾಲಿಸಿದಿರಿ ಅಂತ ಬರೆದ ಜಾಗ ಇದೆಯಲ್ಲ, ಅಲ್ಲಿ ನೀವು ಒಳ್ಳೆಯ ಬರಹಗಾರರು. ಇಡೀ ಲೇಖನ ಆ ದನಿಯಲ್ಲಿ ಬೇಕು.

ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಬರೆದು ಕಳಿಸಿ. ಟ್ಯಾಂಕ್, ಬಾಗಿಲ ಹಿಡಿಕೆ, ಎಂಜಿನ್ ತಗಡು, ಇವುಗಳ ಹತ್ತಿರದ ಫೋಟೊ ಜೊತೆಗಿರಲಿ. ದಾಖಲೆ ನನ್ನ ಲೆಕ್ಕಕ್ಕೆ ವಿರುದ್ಧ ಬಂದರೆ ಅದನ್ನೇ ಮೊದಲು ಬರೆಯಿರಿ.

ನಿಮ್ಮ ವಿಶ್ವಾಸಿ,
ಸಂಪಾದಕ