ಮಂಜನ್ನು ಉಳಿಯಿಂದ ಕೆತ್ತಲಾಗದು

ಪ್ರಿಯ ಬರಹಗಾರರೆ,

ಐರ್ಲೆಂಡಿನ ಚಿತ್ರಕಾರ ಜೊನಾಥನ್ ಫಿಶರ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಡಬ್ಲಿನ್ನಿನ ಲಿಬರ್ಟೀಸ್ ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದವನು, ಬಹುಮಟ್ಟಿಗೆ ತಾನೇ ಕಲಿತು ನಿಸರ್ಗಚಿತ್ರಕಾರನಾದ ಕಥೆ ಕನ್ನಡಕ್ಕೆ ಬರಲೇಬೇಕು. ಭಾಷೆ ಸರಾಗವಾಗಿದೆ. ಆದರೂ ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ.

ನಿಮ್ಮ ಸಾಲು: "ಫಿಶರ್ ಉಳಿ ಹಿಡಿದು ಕಿಲಾರ್ನಿಯ ಮಂಜನ್ನು ತಾಮ್ರದ ಮೇಲೆ ಕೆತ್ತಿದ." ಇಲ್ಲಿ ಇಡೀ ಲೇಖನ ಕುಸಿಯುತ್ತದೆ. 1770ರಲ್ಲಿ ಅಚ್ಚಾಗಿ ಬಂದ, ಐರ್ಲೆಂಡಿನ ಸರೋವರಗಳ ಸೀಮೆಯಾದ ಕಿಲಾರ್ನಿಯ ಆರು ನೋಟಗಳಿಗೆ ಅವನ ಚಿತ್ರಗಳನ್ನು ನೋಡಿಕೊಂಡು ಬೇರೆಯವರು ತಗಡು ಕೊರೆದಿದ್ದರು. ಅದು ಗೆರೆಯ ಕೆಲಸ. 1789ರ ಇಪ್ಪತ್ತು ನೋಟಗಳು ಆಕ್ವಾಟಿಂಟ್, ಅಂದರೆ ತಗಡಿಗೆ ರಾಳದ ಪುಡಿ ಕೂರಿಸಿ, ಕಣಗಳ ನಡುವಿನ ತಾಮ್ರವನ್ನು ಆಮ್ಲದಿಂದ ತಿನ್ನಿಸಿ, ಆ ಕುಳಿಗಳಲ್ಲಿ ಶಾಯಿ ತುಂಬಿ ಅಚ್ಚೊತ್ತುವ ವಿಧಾನ. ಅದರಲ್ಲಿ ಛಾಯೆ ಮೂಡಿಸುವುದು ಆಮ್ಲ. ಗೆರೆಯಿಂದ ಮಂಜು ತೋರಿಸುವುದು ಬಹಳ ಕಷ್ಟ, ಸಮನಾದ ಬೂದುಬಣ್ಣ ಬೇಕು. ಇಂಗ್ಲಿಷ್ ಚಿತ್ರಕಾರ ಪಾಲ್ ಸ್ಯಾಂಡ್‌ಬಿ ಈ ವಿಧಾನದ ಚಿತ್ರಗಳನ್ನು ಬ್ರಿಟನ್ನಿನಲ್ಲಿ ಪ್ರಕಟಿಸಿದ್ದು 1775ರಲ್ಲಿ. ಹದಿನಾಲ್ಕೇ ವರ್ಷದಲ್ಲಿ ಡಬ್ಲಿನ್ನಿನ ಒಬ್ಬ ಬಣ್ಣದ ಚಿತ್ರಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡ. ನಿಮ್ಮ ಕಥೆಯ ಜೀವ ಇಲ್ಲಿದೆ. ನೀವು ಎರಡನ್ನೂ "ಕೆತ್ತನೆ" ಎಂದು ಬರೆದು ದಾಟಿಬಿಟ್ಟಿದ್ದೀರಿ.

ಮುಂದಿನ ಸಾಲು: "ಮೊದಲು ಕಪ್ಪು ಬೆಟ್ಟಗಳನ್ನು ಮೂಡಿಸಿ, ಕೊನೆಗೆ ಆಕಾಶವನ್ನು ಬೆಳಗಿಸಿದ." ಕ್ರಮ ತಲೆಕೆಳಗಾಗಿದೆ. ಗೆರೆಗಳು ಬೇಕಿದ್ದರೆ ಅವನ್ನು ಮೊದಲೇ ಎಚ್ಚಿಂಗ್‌ನಲ್ಲಿ (ಗೆರೆಯನ್ನು ಆಮ್ಲದಿಂದ ತಿನ್ನಿಸುವ ವಿಧಾನ) ಮುಗಿಸಿಕೊಂಡು ತಗಡನ್ನು ಶುಚಿ ಮಾಡಬೇಕು. ಆಮೇಲೆ ನುಣ್ಣಗಿನ ರಾಳದ ಪುಡಿಯನ್ನು ಅದರ ಮೇಲೆ ಕೂರಿಸಿ, ಅಡಿಯಿಂದ ಕಾಯಿಸಬೇಕು. ಬಿಳಿ ಪುಡಿ ಪಾರದರ್ಶಕವಾದ ಕ್ಷಣಕ್ಕೇ ಶಾಖ ನಿಲ್ಲಬೇಕು. ನಾನು ಅಚ್ಚಿನ ಕೋಣೆಯಲ್ಲಿ ಕಲಿಯುವಾಗ ಚಿತ್ರ ಬಿಡಿಸುವುದಕ್ಕಿಂತ ಮೊದಲು ಹೇಳಿಕೊಟ್ಟಿದ್ದು ಈ ಕ್ಷಣವನ್ನು ಗುರುತಿಸುವುದನ್ನೇ. ಕಾವು ಹೆಚ್ಚಾದರೆ ಕಣಗಳು ಒಂದಕ್ಕೊಂದು ಕೂಡಿಕೊಂಡು ಪೊರೆಯಾಗುತ್ತವೆ, ಆಮ್ಲ ಒಳಗಿಳಿಯುವುದಿಲ್ಲ. ಕಡಿಮೆಯಾದರೆ ಕಣಗಳು ಕಚ್ಚಿಕೊಳ್ಳದೆ ಆಮ್ಲದಲ್ಲಿ ತೇಲಿಹೋಗುತ್ತವೆ. ಪುಡಿ ತೀರ ವಿರಳವಾದರೆ ಆ ಜಾಗವೆಲ್ಲ ಒಟ್ಟಾಗಿ ತಗ್ಗಾಗಿ, ಒರೆಸುವಾಗ ಶಾಯಿ ನಿಲ್ಲದೆ ಪೇಲವವಾಗುತ್ತದೆ.

ಈಗ ಆಕಾಶ. ಅಚ್ಚಬಿಳಿಯಾಗಿ ಉಳಿಯಬೇಕಾದ ಮೋಡಕ್ಕೆ ಎಲ್ಲಕ್ಕಿಂತ ಮೊದಲು ಆಮ್ಲ ತಾಗದಂತೆ ವಾರ್ನಿಷ್ ಬಳಿದು ಮುಚ್ಚಬೇಕು. ತೆಳುವಾದ ನೈಟ್ರಿಕ್ ಆಮ್ಲದಲ್ಲಿ ಕೆಲವೇ ಸೆಕೆಂಡು ಇಟ್ಟು ತೆಗೆದರೆ ಅತ್ಯಂತ ತಿಳಿಯಾದ ಬೂದು. ತಗಡು ತೊಳೆದು, ಒಣಗಿಸಿ, ದೂರದ ಮಂಜನ್ನು ಮುಚ್ಚಿ ಮತ್ತೆ ಆಮ್ಲಕ್ಕೆ. ಹೀಗೆ ಹಂತಹಂತವಾಗಿ ಮುಚ್ಚುತ್ತ ಹೋದರೆ ಬೆಟ್ಟದ ಬುಡದ ಕಪ್ಪು ಎಲ್ಲಕ್ಕಿಂತ ಕೊನೆಯದು. ಅದಕ್ಕೆ ಹಲವು ನಿಮಿಷ ಬೇಕು. ಏಳುವ ಗುಳ್ಳೆಗಳನ್ನು ಹಕ್ಕಿಯ ಗರಿಯಿಂದ ಸರಿಸುತ್ತಿರಬೇಕು, ಇಲ್ಲದಿದ್ದರೆ ಗುಳ್ಳೆ ಕೂತಲ್ಲಿ ಚುಕ್ಕೆ ಉಳಿಯುತ್ತದೆ. ಅತಿಯಾಗಿ ಕಚ್ಚಿಸಿದರೆ ಆಮ್ಲ ಕಣಗಳ ಕೆಳಗೂ ತಿಂದು, ಕಪ್ಪಾಗಬೇಕಾದದ್ದು ಮತ್ತೆ ಬೂದುಬಣ್ಣವಾಗುತ್ತದೆ.

"ದೋಣಿಯಲ್ಲಿ ಕೂತು ಕಂಡದ್ದನ್ನು ಕಂಡಂತೆ ತಗಡಿಗಿಳಿಸಿದ" ಎಂದೂ ಬರೆದಿದ್ದೀರಿ. ತಗಡಿನಲ್ಲಿ ಇದ್ದಂತೆ ಬಿಡಿಸಿದರೆ ಕಾಗದದಲ್ಲಿ ಎಡಬಲ ಅದಲುಬದಲಾಗುತ್ತದೆ. ಎಡಕ್ಕಿರುವ ಕೋಟೆ ಎಡಕ್ಕೇ ಬರಬೇಕಾದರೆ ತಗಡಿನಲ್ಲಿ ಬಲಕ್ಕಿರಬೇಕು. "ಸಾವಿರಾರು ಪ್ರತಿ" ಎಂಬುದನ್ನೂ ತೆಗೆಯಿರಿ. ಆಕ್ವಾಟಿಂಟ್‌ನ ನವಿರಾದ ಛಾಯೆ ಪ್ರೆಸ್ಸಿನ ಒತ್ತಡಕ್ಕೆ ಬೇಗ ಸವೆಯುತ್ತದೆ, ಅದರಲ್ಲೂ ಮೊದಲು ಹೋಗುವುದು ಆಕಾಶ.

ಇನ್ನೊಂದು ವಿಷಯ ನನ್ನನ್ನು ನಿಜಕ್ಕೂ ಕೆರಳಿಸಿತು. ಒಂದೇ ಪುಟದಲ್ಲಿ "ರಮಣೀಯ", "ನಯನಮನೋಹರ", "ಮಂತ್ರಮುಗ್ಧ". ಕಿಲಾರ್ನಿಯಲ್ಲಿ ಇರುವುದೇನು? ಒಂದಕ್ಕೊಂದು ಕೂಡಿಕೊಂಡ ಮೂರು ಸರೋವರಗಳು, ಲಾಕ್ ಲೇನ್ ಸರೋವರದ ದಂಡೆಯ ರಾಸ್ ಕೋಟೆ, ಇನಿಸ್‌ಫಾಲನ್ ದ್ವೀಪದ ಪಾಳುಬಿದ್ದ ಮಠ, ಈಗಲ್ಸ್ ನೆಸ್ಟ್ ಎಂಬ ಕಡಿದಾದ ಬಂಡೆ. ಆ ಕಾಲದ ಪ್ರವಾಸಿಗಳು ಪ್ರತಿಧ್ವನಿ ಕೇಳಲೆಂದೇ ಆ ಬಂಡೆಯೆದುರು ಕಹಳೆ ಊದಿಸುತ್ತಿದ್ದರು, ಫಿರಂಗಿ ಹಾರಿಸುತ್ತಿದ್ದರು. ಇವುಗಳಲ್ಲಿ ಒಂದನ್ನೂ ನೀವು ಹೆಸರಿಸಿಲ್ಲ. ಫಿಶರ್ ಚಿತ್ರಗಳನ್ನು ಕೊಂಡವರಿಗೆ ಬೇಕಾಗಿದ್ದುದು ಗುರುತು ಹಿಡಿಯಬಹುದಾದ ಜಾಗಗಳು.

ನಮ್ಮ ಓದುಗರಿಗೆ ಹೋಲಿಸಿ ನೋಡಲು ಹತ್ತಿರದ್ದೇ ಉದಾಹರಣೆ ಇದೆ. ಬೆಂಗಳೂರು, ಶ್ರೀರಂಗಪಟ್ಟಣಗಳ ನೋಟಗಳನ್ನು ಬರೆದ ಸೈನ್ಯಾಧಿಕಾರಿ ಜೇಮ್ಸ್ ಹಂಟರ್ 1792ರಲ್ಲೇ ತೀರಿಕೊಂಡ. ಅವನ ಮೈಸೂರು ಸೀಮೆಯ ನಲವತ್ತು ಚಿತ್ರಗಳು ಲಂಡನ್ನಿನಲ್ಲಿ ಆಕ್ವಾಟಿಂಟ್ ಆಗಿ 1805ರ ಹೊತ್ತಿಗೆ ಹೊರಬಂದವು, ತಗಡು ಮಾಡಿದವರು ಬೇರೆ. ಫಿಶರ್ 1795-96ರ ಐರ್ಲೆಂಡ್ ದೃಶ್ಯಮಾಲೆಯನ್ನು ತಾನೇ ಬಿಡಿಸಿ ತಾನೇ ಆಮ್ಲಕ್ಕಿಳಿಸಿದ. ಆ ವ್ಯತ್ಯಾಸಕ್ಕೆ ಎರಡು ಪ್ಯಾರಾ ಕೊಡಿ.

ಐರ್ಲೆಂಡಿನ ಇತಿಹಾಸದ ಪೀಠಿಕೆ ಪೂರ್ತಿ ಬಿಡಿ. ಕಿಲಾರ್ನಿಯ ಒಂದೇ ಒಂದು ಚಿತ್ರ ಆರಿಸಿಕೊಂಡು, ಅತಿ ತಿಳಿಯಿಂದ ಅತಿ ಗಾಢದವರೆಗೆ ಎಷ್ಟು ಛಾಯೆಗಳಿವೆ ಎಂದು ಭೂತಗನ್ನಡಿಯಲ್ಲಿ ಎಣಿಸಿ, ಅದೇ ಕ್ರಮದಲ್ಲಿ ಬರೆದು ಕಳಿಸಿ.