ಎಷ್ಟು ಒದ್ದರೂ ಕುದುರೆ ಮುಂದೆ ಹೋಗುವುದಿಲ್ಲ. ಸವಾರಿಯಲ್ಲಿ ಕಾಲನ್ನು ಸರಿಯಾಗಿ ಬಳಸುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಮೂರು ತಿಂಗಳಿಂದ ತುಮಕೂರಿನಿಂದ ವಾರಕ್ಕೆರಡು ದಿನ ಹೋಗಿ ಕಲಿಯುತ್ತಿದ್ದೀರಿ. ಕಲಿಸುವವರು "ಕಾಲು ಕೊಡಿ, ಕಾಲು ಕೊಡಿ" ಎಂದು, ಅಂದರೆ ಕಾಲಿನಿಂದ ಕುದುರೆಗೆ ಸೂಚನೆ ಕೊಡಿ ಎಂದು, ಕೂಗುತ್ತಾರೆ. ನೀವು ಒದ್ದೂ ಒದ್ದೂ ಸುಸ್ತಾಗುತ್ತೀರಿ. ಕುದುರೆ ಮಾತ್ರ ಸಂತೆಗೆ ಹೊರಟ ಮುದುಕರ ಹಾಗೆ ನಡೆಯುತ್ತದೆ. ತಿರುಗಿಸಿದರೆ ಕತ್ತು ತಿರುಗುತ್ತದೆ, ಮೈ ನೆಟ್ಟಗೆ ಹೋಗುತ್ತದೆ. ಕೊನೆಗೆ ಸ್ಪರ್, ಅಂದರೆ ಕುದುರೆಯನ್ನು ಚುಚ್ಚಲು ಬೂಟಿನ ಹಿಮ್ಮಡಿಗೆ ಕಟ್ಟುವ ಲೋಹದ ಮೊನೆ, ಕೊಳ್ಳಲೇ ಎಂದು ಕೇಳಿದ್ದೀರಿ. 'ಕುದುರೆ ಕಂಡರೆ ಕಾಲು ನೋವು' ಅನ್ನುವುದನ್ನು ನಮ್ಮ ಕಡೆ ಸೋಮಾರಿಗಳಿಗೆ ಹೇಳುತ್ತಾರೆ. ನಿಮ್ಮದು ಕುದುರೆ ಹತ್ತಿದ ಮೇಲಿನ ಕಾಲು ನೋವು. ನನಗೂ ಅದೇ ಆಗಿತ್ತು.

ನಾನು ಕುಣಿಗಲ್ ಕಡೆಯವನು. ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಜಾಗ ನಮ್ಮದು, ಆಮೇಲೆ ಅಲ್ಲಿ ರೇಸ್ ಕುದುರೆ ಬೆಳೆಸುವ ಫಾರಂ ಆಯಿತು. ಆದರೆ ನಾನು ಆ ಫಾರಂ ಅನ್ನು ಬೇಲಿಯಾಚೆ ನಿಂತು ನೋಡಿದವನೇ ಹೊರತು ಒಳಗೆ ಹೋಗಿ ಕಲಿತವನಲ್ಲ. ಸವಾರಿ ಕಲಿತದ್ದು ಮೂವತ್ತು ದಾಟಿದ ಮೇಲೆ. ಪರಿಚಯದವರೊಬ್ಬರು ತೆಂಗಿನ ತೋಟದಲ್ಲಿ ಇಟ್ಟುಕೊಂಡಿದ್ದ, ರೇಸ್ ಬಿಟ್ಟ ಒಂದು ಹೆಣ್ಣು ಕುದುರೆಯ ಮೇಲೆ. ನಾನು ತರಬೇತುದಾರ ಅಲ್ಲ, ಬಿದ್ದು ಕಲಿತವನು. ಅಷ್ಟು ತಿಳಿದುಕೊಂಡು ಮುಂದೆ ಓದಿ.

ಮೊದಲು ಒದೆಯುವುದನ್ನು ನಿಲ್ಲಿಸಿ.

ಕುದುರೆ ಮೈ ಮೇಲೆ ನೊಣ ಕೂತಾಗ ಗಮನಿಸಿದ್ದೀರಾ? ಬಾಲ ಬೀಸುವ ಮೊದಲೇ ಆ ಜಾಗದ ಚರ್ಮ ಮಾತ್ರ ಥರಥರ ಅಂತ ಅದುರುತ್ತದೆ. ಚರ್ಮದ ಕೆಳಗೆ ಅದಕ್ಕೆಂದೇ ಒಂದು ತೆಳು ಸ್ನಾಯು ಹಾಸಿಕೊಂಡಿದೆ. ನಾವು ಮೀನಖಂಡ ಇಡುವ ಪಕ್ಕೆಯ ಮೇಲೂ ಅದು ಇದೆ. ನೊಣದ ಭಾರ ಗೊತ್ತಾಗುವ ಪ್ರಾಣಿಗೆ ನಿಮ್ಮ ಹಿಮ್ಮಡಿಯ ಪೆಟ್ಟು ಗೊತ್ತಾಗುವುದಿಲ್ಲವೇ? ಚೆನ್ನಾಗಿ ಗೊತ್ತಾಗುತ್ತದೆ. ಅದಕ್ಕೆ ಅರ್ಥ ಇಲ್ಲ ಎಂದು ಕುದುರೆ ತೀರ್ಮಾನಿಸಿಬಿಟ್ಟಿದೆ, ಅಷ್ಟೇ. ನಡೆದರೂ ಒದೆತ, ನಿಂತರೂ ಒದೆತ ಅಂದರೆ ಯಾಕೆ ನಡೆಯಬೇಕು ಹೇಳಿ.

ಕುದುರೆಗೆ ಪಾಠ ಆಗುವುದು ಕಾಲು ಒತ್ತಿದಾಗ ಅಲ್ಲ, ಕಾಲು ಬಿಟ್ಟಾಗ. ಇದೊಂದು ನನಗೆ ತಲೆಗೆ ಹೋಗಲು ಒಂದು ವರ್ಷ ಹಿಡಿಯಿತು. ಒತ್ತಿದಿರಿ, ಕುದುರೆ ಒಂದು ಹೆಜ್ಜೆ ಚುರುಕಾಯಿತು, ತಕ್ಷಣ ಕಾಲು ಸಡಿಲ ಬಿಡಬೇಕು. ತಕ್ಷಣ ಅಂದರೆ ಆ ಹೆಜ್ಜೆ ಮುಗಿಯುವುದರೊಳಗೆ. "ಓ, ಹೀಗೆ ಮಾಡಿದರೆ ಇವನು ಸುಮ್ಮನಾಗುತ್ತಾನೆ" ಎಂದು ಅದು ಕಲಿಯುವುದೇ ಆಗ. ಎರಡು ಸೆಕೆಂಡ್ ತಡವಾದರೆ ಯಾವುದಕ್ಕೆ ಬಿಟ್ಟಿರಿ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮೂರಲ್ಲಿ ಉಳುವವರನ್ನೇ ನೋಡಿ. ಪಳಗಿದವನು ಬಾರುಕೋಲನ್ನು ಎತ್ತಿ ತೋರಿಸುತ್ತಾನೆ, ಎತ್ತು ಹೆಜ್ಜೆ ಹಾಕುತ್ತದೆ, ಕೋಲು ಕೆಳಗಿಳಿಯುತ್ತದೆ. ಹೊಸಬ ದಿನವಿಡೀ ಬೀಸುತ್ತಲೇ ಇರುತ್ತಾನೆ. ಸಂಜೆ ಹೊತ್ತಿಗೆ ಎತ್ತಿಗಿಂತ ಅವನೇ ಜಾಸ್ತಿ ದಣಿದಿರುತ್ತಾನೆ.

ಹಾಗಾದರೆ ಮೊಂಡು ಬಿದ್ದ ಕುದುರೆಯನ್ನು ಚುರುಕು ಮಾಡುವುದು ಹೇಗೆ? ಮೊದಲು ಮೀನಖಂಡದಿಂದ ಮೆತ್ತಗೆ ಕೇಳಿ, ಒದ್ದೆ ಟವೆಲ್ ಹಿಂಡಲು ಶುರು ಮಾಡಿದ ಹಾಗೆ, ಅಷ್ಟೇ ಜೋರು. ಒಂದು ಕ್ಷಣ ಕಾಯಿರಿ. ಏನೂ ಆಗದಿದ್ದರೆ ಸ್ವಲ್ಪ ಗಟ್ಟಿಯಾಗಿ ಕೇಳಿ. ಆಗಲೂ ಇಲ್ಲವೆಂದರೆ ನಿಮ್ಮ ಕಾಲಿನ ಹಿಂದೆಯೇ ಕೋಲಿನಿಂದ ಒಂದು ಸಲ ತಟ್ಟಿ. ಕೋಪದಿಂದ ಅಲ್ಲ, ಬಾಗಿಲು ತಟ್ಟಿದ ಹಾಗೆ. ಕುದುರೆ ಚಂಗನೆ ಮುಂದೆ ಹೋದರೆ ಹೋಗಲಿ. ಆಗ ಲಗಾಮು ಎಳೆಯಬೇಡಿ! ಹೋಗು ಎಂದು ಹೇಳಿ, ಹೋದದ್ದಕ್ಕೆ ಬಾಯಿ ಎಳೆದರೆ ಅದಕ್ಕಿಂತ ಮೋಸ ಇಲ್ಲ. ನಾಲ್ಕು ಹೆಜ್ಜೆ ಹೋಗಲು ಬಿಟ್ಟು, ನಿಧಾನಿಸಿ, ಮತ್ತೆ ಮೊದಲಿನಷ್ಟೇ ಮೆತ್ತಗೆ ಕೇಳಿ. ಈ ಎರಡನೇ ಸಲ ಕೇಳುವುದನ್ನು ಎಷ್ಟೋ ಜನ ಮರೆಯುತ್ತಾರೆ. ಕೋಲಿಗೆ ಓಡಿತು ಎಂದು ಖುಷಿಪಟ್ಟು ಬಿಟ್ಟುಬಿಡುತ್ತಾರೆ. ಆದರೆ ನಿಮಗೆ ಬೇಕಾದದ್ದು ಮೆತ್ತಗಿನ ಕಾಲಿಗೆ ಉತ್ತರ ಅಲ್ವಾ?

ಇನ್ನು ಕಾಲು ಎಲ್ಲಿರಬೇಕು ಅನ್ನುವ ವಿಷಯ. ಇದರಲ್ಲಿ ನಾನು ತಿಂದ ಪೆಟ್ಟನ್ನು ಹೇಳಿಬಿಡುತ್ತೇನೆ.

ರೇಸಿನಲ್ಲಿ ಜಾಕಿಗಳು ಸ್ಟಿರಪ್ ಅನ್ನು, ಅಂದರೆ ಜೀನಿನಿಂದ ಜೋತುಬಿದ್ದ ಪಾದ ಇಡುವ ಬಳೆಯನ್ನು, ತೀರಾ ಗಿಡ್ಡ ಮಾಡಿಕೊಂಡು ಬೆನ್ನ ಮೇಲೆ ಕುಕ್ಕರುಗಾಲಲ್ಲಿ ನಿಂತಂತೆ ಇರುತ್ತಾರೆ. ಅವರ ಮೀನಖಂಡ ಕುದುರೆಯ ಪಕ್ಕೆಗೆ ಇಳಿಯುವುದೇ ಇಲ್ಲ. ಹಾಗಾಗಿ ರೇಸ್ ಬಿಟ್ಟ ಎಷ್ಟೋ ಕುದುರೆಗಳಿಗೆ ಪಕ್ಕೆಯ ಮೇಲೆ ಕಾಲು ಜೋತುಬೀಳುವುದೇ ಹೊಸ ಅನುಭವ. ಇದು ನನಗೆ ಗೊತ್ತಿರಲಿಲ್ಲ. ಎರಡನೇ ತಿಂಗಳು, ತೋಟದ ಪಕ್ಕದ ಕೊಯ್ಲಾದ ರಾಗಿ ಹೊಲ. ಅಚ್ಚುಕಟ್ಟಾಗಿ ಟ್ರಾಟ್ (ನಡಿಗೆಗಿಂತ ಚುರುಕಾದ ಕುಲುಕು ಓಟ) ಮಾಡುತ್ತಿದ್ದ ಕುದುರೆ ಒಂದು ನವಿಲಿಗೆ ಬೆಚ್ಚಿತು. ಹೆದರಿದ ನಾನು ಎರಡೂ ಮಂಡಿ, ಎರಡೂ ಹಿಮ್ಮಡಿ ಸೇರಿಸಿ ಗಟ್ಟಿಯಾಗಿ ಅವುಚಿಕೊಂಡೆ, ಲಗಾಮನ್ನೂ ಬಿಗಿ ಹಿಡಿದೆ. ಬಿಗಿ ಲಗಾಮಿಗೆ ಒರಗಿ ಓಡುವುದನ್ನೇ ಕಲಿತ ಕುದುರೆ ಅದು. ಹಿಮ್ಮಡಿ ಬೇರೆ ಚುಚ್ಚಿತು. ಕೇಳಬೇಕೆ? ಮುಂದಿನ ಬದು ಬಂದಾಗ ಅದು ಹಾರಿತು, ನಾನು ಬದುವಿನಲ್ಲೇ ಉಳಿದೆ. ಮೊಣಕೈ ತರಚಿತು, ಹೆಲ್ಮೆಟ್ ಇತ್ತು, ಬಚಾವಾದೆ. ತಪ್ಪು ಪೂರ್ತಿ ನನ್ನದು. ನಾನು 'ನಿಲ್ಲು' ಅಂದುಕೊಂಡದ್ದು, ನನ್ನ ಕಾಲು 'ಓಡು' ಅಂದಿತ್ತು.

ಅವುಚಿ ಹಿಡಿದರೆ ಭದ್ರ ಅನ್ನಿಸುವುದು ಸಹಜ. ಬಟ್ಟೆಗೆ ಹಾಕುವ ಕ್ಲಿಪ್ಪನ್ನು ದಪ್ಪನೆ ಬೊಂಬಿಗೆ ಹಾಕಿ ನೋಡಿ. ಹಿಡಿಯುವಷ್ಟು ಹಿಡಿದು ಮೇಲಕ್ಕೆ ಜಾರಿ ಚಿಮ್ಮುತ್ತದೆ. ಮಂಡಿಯಲ್ಲಿ ಅವುಚಿದ ಸವಾರನೂ ಅಷ್ಟೇ. ತೊಡೆ, ಮಂಡಿ ಸಡಿಲ ಇರಲಿ. ಭಾರ ಹಿಮ್ಮಡಿಗೆ ಇಳಿಯಲಿ. ಪಕ್ಕದಿಂದ ಯಾರಾದರೂ ನೋಡಿದರೆ ನಿಮ್ಮ ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿ ಕಾಣಬೇಕು. ಒಂದು ಫೋಟೋ ತೆಗೆಸಿಕೊಳ್ಳಿ. ಮೂರು ತಿಂಗಳಿನವರದು ಸಾಮಾನ್ಯವಾಗಿ ಕುರ್ಚಿ ಮೇಲೆ ಕೂತ ಹಾಗೆ ಕಾಲು ಮುಂದೆ ಚಾಚಿರುತ್ತದೆ. ಅಲ್ಲಿಂದ ಕಾಲು ಕೊಡಬೇಕೆಂದರೆ ಹಿಂದಕ್ಕೆ ಎತ್ತಿ ಒದೆಯದೆ ಬೇರೆ ದಾರಿಯೇ ಇಲ್ಲ. ನಿಮ್ಮ ಅರ್ಧ ಸಮಸ್ಯೆ ಇಲ್ಲೇ ಇರಬಹುದು. ಸ್ಟಿರಪ್ ಉದ್ದವನ್ನೂ ನೋಡಿಕೊಳ್ಳಿ. ಬೆರಳ ತುದಿಯನ್ನು ಸ್ಟಿರಪ್ ಪಟ್ಟಿ ಜೀನಿಗೆ ಸೇರುವ ಕಡೆ ಇಟ್ಟು, ಸ್ಟಿರಪ್ ಅನ್ನು ತೋಳಿನುದ್ದಕ್ಕೂ ಎಳೆದರೆ ಅದು ಕಂಕುಳಿಗೆ ಬರಬೇಕು. ಶುರುವಿಗೆ ಅದು ಸಾಕಾದ ಅಳತೆ.

ಮುಂದೆ ಹೋಗಲು ಕಾಲು ಕೊಡುವ ಜಾಗ ಗರ್ತ್, ಅಂದರೆ ಹೊಟ್ಟೆಪಟ್ಟಿಯ ಹತ್ತಿರ. ಅದರಿಂದ ನಾಲ್ಕು ಬೆರಳು ಹಿಂದೆ ಕೊಟ್ಟರೆ ಹಿಂಭಾಗವನ್ನು ಪಕ್ಕಕ್ಕೆ ಸರಿಸು ಎಂದು ಅರ್ಥ, ಅಥವಾ ಹೊರಗೆ ಜಾರಬೇಡ ಎಂದು. ತಿರುಗುವಾಗ ಕತ್ತು ಮಾತ್ರ ತಿರುಗುತ್ತದೆ ಅಂದಿರಲ್ಲ, ನೀವು ಒಳಗಿನ, ಅಂದರೆ ತಿರುಗುವ ಕಡೆಯ, ಲಗಾಮು ಎಳೆದು ಬಿಟ್ಟುಬಿಡುತ್ತಿದ್ದೀರಿ. ಎಡಕ್ಕೆ ತಿರುಗಬೇಕಾದರೆ ಎಡಗಾಲು ಗರ್ತ್ ಬಳಿ ಇರಲಿ, ಕುದುರೆ ಆ ಕಾಲಿನ ಸುತ್ತ ಬಾಗುತ್ತದೆ. ಬಲಗಾಲು ಸ್ವಲ್ಪ ಹಿಂದೆ, ಬೇಲಿಯ ಹಾಗೆ. ಬಲಗಡೆಯ ಲಗಾಮನ್ನೂ ಪೂರ್ತಿ ಬಿಟ್ಟುಕೊಡಬೇಡಿ, ಭುಜ ಹೊರಗೆ ಜಾರುವುದು ಅಲ್ಲಿಂದಲೇ. ನಿಮ್ಮ ಕಣ್ಣು ಹೋಗಬೇಕಾದ ಕಡೆ ಇರಲಿ, ಕುದುರೆಯ ಕಿವಿಯ ಮೇಲಲ್ಲ.

ಟ್ರಾಟ್‌ಗಿಂತ ಜೋರಾದ ಓಟವಾದ ಕ್ಯಾಂಟರ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ನಿಮ್ಮ ಹೊರಗಿನ ಕಾಲು ಹಿಂದೆ ಹೋಗುತ್ತದೆ, ಯಾಕೆಂದರೆ ಕ್ಯಾಂಟರ್ ಶುರುವಾಗುವುದೇ ಕುದುರೆಯ ಹೊರಗಿನ ಹಿಂಗಾಲಿನಿಂದ. ಸದ್ಯಕ್ಕೆ ಅಷ್ಟು ಸಾಕು.

ಯಾವಾಗ ಕೊಡಬೇಕು ಅನ್ನುವುದೇ ನನಗೆ ಈಗಲೂ ಜಾಸ್ತಿ ಇಷ್ಟವಾದ ಭಾಗ. ವಾಕ್‌ನಲ್ಲಿ ಲಗಾಮು ಉದ್ದ ಬಿಟ್ಟು, ಕಾಲು ಜೋತುಬಿಟ್ಟು, ಸುಮ್ನೆ ಕೂತು ಗಮನಿಸಿ. ಕುದುರೆಯ ಹೊಟ್ಟೆ ತೊಟ್ಟಿಲಿನ ಹಾಗೆ ಎಡಕ್ಕೆ ಬಲಕ್ಕೆ ತೂಗುತ್ತದೆ. ಅದರ ಎಡ ಹಿಂಗಾಲು ನೆಲ ಬಿಟ್ಟು ಮುಂದೆ ಬರುವಾಗ ಹೊಟ್ಟೆ ಬಲಕ್ಕೆ ವಾಲುತ್ತದೆ, ನಿಮ್ಮ ಎಡಗಾಲು ತಾನಾಗಿಯೇ ಒಳಗೆ ಬೀಳುತ್ತದೆ. ಕಾಲು ಕೊಡಬೇಕಾದ ಗಳಿಗೆ ಅದೇ. ಗಾಳಿಯಲ್ಲಿರುವ ಕಾಲಿಗೆ ಇನ್ನಷ್ಟು ಮುಂದೆ ಹೋಗು ಎಂದು ಹೇಳಬಹುದು, ನೆಲಕ್ಕೆ ಊರಿದ ಕಾಲಿಗೆ ಹೇಳಿ ಏನು ಪ್ರಯೋಜನ? ಎಡ, ಬಲ, ಎಡ, ಬಲ. ಎರಡೂ ಕಾಲಿನಿಂದ ಒಟ್ಟಿಗೆ ಗುದ್ದುವುದಕ್ಕಿಂತ ಇದು ಎಷ್ಟೋ ಮೇಲು. ಮೊದಮೊದಲು ಗೊತ್ತಾಗದಿದ್ದರೆ ಗೆಳೆಯರೊಬ್ಬರನ್ನು ಪಕ್ಕದಲ್ಲಿ ನಡೆಸಿ, ಎಡ ಹಿಂಗಾಲು ಎದ್ದಾಗಲೆಲ್ಲ "ಎಡ" ಎಂದು ಕೂಗಲು ಹೇಳಿ. ನಾನು ಹದಿನೈದು ದಿನ ಹೀಗೇ ಮಾಡಿದೆ. ತೋಟದಲ್ಲಿ ಕಾಯಿ ಕೀಳಲು ಬಂದವರು ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಅಂದುಕೊಂಡಿದ್ದರು.

ನೀವು ಹತ್ತುವ ಕುದುರೆ ಮೊದಲು ಏನು ಕೆಲಸ ಮಾಡುತ್ತಿತ್ತು ಎಂದು ಕೇಳಿ ತಿಳಿದುಕೊಳ್ಳಿ. ಜಟಕಾ ಗಾಡಿ ಎಳೆದದ್ದಾದರೆ ಅದಕ್ಕೆ ಗೊತ್ತಿರುವುದು ಲಗಾಮು ಮತ್ತು ಬಾಯಿ ಮಾತು. ಮದುವೆ ಮೆರವಣಿಗೆಯದ್ದಾದರೆ ಮುಂದೆ ಹಗ್ಗ ಹಿಡಿದವನ ಹಿಂದೆ ನಡೆಯುವುದು ಗೊತ್ತು, ಬೆನ್ನ ಮೇಲಿನ ಗಂಡು ಏನು ಮಾಡಿದರೂ ಅದಕ್ಕೆ ಲೆಕ್ಕ ಇಲ್ಲ. ಅಂಥದ್ದಕ್ಕೆ ಕಾಲಿನ ಭಾಷೆಯನ್ನು ಕೆಳಗೆ ನಿಂತೇ ಕಲಿಸಬೇಕು. ಪಕ್ಕದಲ್ಲಿ ನಿಂತು ನಿಮ್ಮ ಹಿಮ್ಮಡಿ ಬರುವ ಜಾಗದಲ್ಲಿ ಹೆಬ್ಬೆರಳಿಂದ ಒತ್ತಿ. ಹಿಂಗಾಲು ಒಂದು ಹೆಜ್ಜೆ ಆಚೆ ಸರಿದ ಕೂಡಲೇ ಬೆರಳು ತೆಗೆಯಿರಿ. ಒಂದು ಕಡೆಗೆ ನಾಲ್ಕೈದು ಸಲ ಸಾಕು. ಆಮೇಲೆ ಹತ್ತಿ ಅದನ್ನೇ ಕಾಲಿನಿಂದ ಕೇಳಿ.

ಒಂದು ಎಚ್ಚರಿಕೆ. ಗರ್ತ್ ಬಿಗಿಯುವಾಗ ಕುದುರೆ ಕಿವಿ ಹಿಂದೆ ಮಾಡುತ್ತದೆಯೇ, ಕಚ್ಚಲು ಬರುತ್ತದೆಯೇ, ಕಾಲು ತಾಕಿದರೆ ಬಾಲ ಬೀಸುತ್ತದೆಯೇ ನೋಡಿ. ಹೌದಾದರೆ ಅದು ಮೊಂಡುತನ ಆಗಿರಲಿಕ್ಕಿಲ್ಲ. ಜೀನು ಒತ್ತುತ್ತಿರಬಹುದು, ಗರ್ತ್ ಕೆಳಗೆ ಗಾಯ ಇರಬಹುದು, ಹೊಟ್ಟೆಯಲ್ಲಿ ಹುಣ್ಣಾಗಿರಬಹುದು. ಪಶುವೈದ್ಯರಿಗೆ ತೋರಿಸುವವರೆಗೆ ಕಾಲಿನ ಅಭ್ಯಾಸ ಬೇಡ.

ಸ್ಪರ್ ವಿಷಯಕ್ಕೆ ಬಂದರೆ, ಖಂಡಿತ ಬೇಡ. ಅದು ಕಾಲು ಅಲುಗದವರ ಸಾಮಾನು. ಮೂರು ತಿಂಗಳಿನ ಕಾಲು ಪ್ರತಿ ಕುಲುಕಿಗೂ ಅಲುಗುತ್ತದೆ, ಅಲುಗಿದಾಗಲೆಲ್ಲ ಚುಚ್ಚುತ್ತದೆ. ಆ ದುಡ್ಡಿಗೆ ಸ್ವಲ್ಪ ಹಿಮ್ಮಡಿ ಇರುವ, ಅಡಿ ನುಣುಪಾದ ಬೂಟು ಕೊಳ್ಳಿ. ಹಿಮ್ಮಡಿ ಇದ್ದರೆ ಪಾದ ಸ್ಟಿರಪ್ ಒಳಗೆ ತೂರಿಕೊಳ್ಳುವುದಿಲ್ಲ, ನುಣುಪಾಗಿದ್ದರೆ ಬಿದ್ದಾಗ ಸಿಕ್ಕಿಕೊಳ್ಳುವುದಿಲ್ಲ. ನಾನು ರಾಗಿ ಹೊಲದಲ್ಲಿ ಬಿದ್ದ ದಿನ ಹಾಕಿದ್ದದ್ದು ವಾಕಿಂಗ್ ಶೂ. ಪಾದ ಬಿಡಿಸಿಕೊಂಡು ಬಂದದ್ದು ನನ್ನ ಪುಣ್ಯ.